ಪಿಂಗಾಣಿಗಿಂತ ಪುಸ್ತಕ ದೊಡ್ಡದು

ಫ್ರೆಂಚ್ ರಸಾಯನಜ್ಞ ಪಿಯೆರ್ ಜೋಸೆಫ್ ಮಾಕೇರ್‌ನನ್ನು (1718–1784) ಪಿಂಗಾಣಿಯ ಚರಿತ್ರೆ ಬರೆಯುವವರು ಕೊಂಡಾಡುತ್ತಾರೆ. ಆತನ ನಿಜವಾದ ಸಾಧನೆ ಪಿಂಗಾಣಿಯಲ್ಲ, ಬರವಣಿಗೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಪ್ಯಾರಿಸ್ ಬಳಿಯ ಸೆವ್ರ್‌ನಲ್ಲಿ ರಾಜನ ಕಾರ್ಖಾನೆ ತಯಾರಿಸುತ್ತಿದ್ದುದು ಗಾಜಿನ ಪುಡಿ ಬೆರೆಸಿದ ಮೆದು ಪಿಂಗಾಣಿ. ಬಣ್ಣ ಚೆನ್ನಾಗಿ ಹಿಡಿಯುತ್ತಿತ್ತು, ಆದರೆ ಭಟ್ಟಿಯಲ್ಲಿ ಸೊಟ್ಟಗಾಗುತ್ತಿತ್ತು. ಚೀನಾದಂಥ ಗಟ್ಟಿ ಪಿಂಗಾಣಿಗೆ ಕೆಯೊಲಿನ್ ಎಂಬ ಬಿಳಿ ಮಣ್ಣು ಬೇಕು. ನಮ್ಮ ಕುಂಬಾರರ ಕೆರೆಮಣ್ಣಿನಲ್ಲಿ ಕಬ್ಬಿಣದ ಅಂಶವಿರುವುದರಿಂದ ಮಡಕೆ ಸುಟ್ಟಾಗ ಕೆಂಪಗಾಗುತ್ತದೆ. ಕೆಯೊಲಿನ್‌ನಲ್ಲಿ ಅದು ತೀರ ಕಡಿಮೆ. ಫ್ರಾನ್ಸಿನಲ್ಲಿ ಆ ಮಣ್ಣು ಲಿಮೋಜ್ ಸೀಮೆಯಲ್ಲಿ ಸಿಕ್ಕಿತು. ದಾರ್ನೆ ಎಂಬ ವೈದ್ಯನ ಹೆಂಡತಿ ಬಟ್ಟೆ ಒಗೆಯಲು ಬಂದೀತೆಂದು ಅದನ್ನು ಎತ್ತಿಕೊಂಡಳೆಂದು ಹೇಳುತ್ತಾರೆ. ಸವಳು ಮಣ್ಣಿನಲ್ಲಿ ಬಟ್ಟೆ ಒಗೆದ ನಮ್ಮ ಕಡೆಯ ಅಜ್ಜಿಯರಿಗೆ ಇದು ಹೊಸದಲ್ಲ. ಸೆವ್ರ್ ಕಾರ್ಖಾನೆಗಾಗಿ ಮಾಕೇರ್ 1768ರಲ್ಲಿ ಲಿಮೋಜ್ ಸೀಮೆಗೆ ಹೋಗಿ ಬಂದ. ಮರುವರ್ಷ ಗಟ್ಟಿ ಪಿಂಗಾಣಿಯನ್ನು ವಿಜ್ಞಾನ ಅಕಾಡೆಮಿಯ ಮುಂದಿಟ್ಟ. ಕೀರ್ತಿ ಆತನಿಗೆ ಬಂತು, ಆ ಹೆಂಗಸು ಗಂಡನ ಹೆಸರಿನ ಹಿಂದೆಯೇ ಉಳಿದಳು. ಇದನ್ನು ಸಣ್ಣ ಮಾತೆಂದು ದಾಟಿಹೋಗಲು ನನಗೆ ಮನಸ್ಸಿಲ್ಲ.

ಆತನನ್ನು ನಾನು ಗೌರವಿಸುವುದು 1763ರಲ್ಲಿ ಬಂದ ರೇಷ್ಮೆ ಬಣ್ಣಗಾರಿಕೆಯ ಪುಸ್ತಕಕ್ಕೆ, 1766ರ ರಸಾಯನ ನಿಘಂಟಿಗೆ. ಬಣ್ಣಗಾರರು ಯಾವುದನ್ನು ಎಷ್ಟು ಹೊತ್ತು ಕುದಿಸುತ್ತಾರೆ, ಯಾವುದರ ನಂತರ ಯಾವುದನ್ನು ಹಾಕುತ್ತಾರೆ ಎಂಬುದನ್ನೆಲ್ಲ ಮೊದಲ ಪುಸ್ತಕ ಬಿಡಿಸಿ ಹೇಳಿತು. ನಿಘಂಟು ಮೊದಲು ಹೊರಬಂದಾಗ ಅದರ ಮೇಲೆ ಬರೆದವನ ಹೆಸರೇ ಇರಲಿಲ್ಲ. ಐದೇ ವರ್ಷಕ್ಕೆ ಇಂಗ್ಲಿಷಿಗೂ ಹೋಯಿತು. ಸೆವ್ರ್‌ನ ಪಿಂಗಾಣಿ ಅರಸರ ಮೇಜು ಸೇರಿತು. ಪುಸ್ತಕವಾದರೋ ಓದುಬಲ್ಲ ಯಾರ ಕೈಗಾದರೂ ಸಿಕ್ಕಿತು.

ದೋಷವೂ ಉಂಟು. ಉರಿಯುವ ವಸ್ತುವಿನಿಂದ ಫ್ಲಾಜಿಸ್ಟನ್ ಹೊರಬೀಳುತ್ತದೆಂಬ ಹಳೆಯ ಸಿದ್ಧಾಂತವನ್ನು ಆತ ಕೊನೆಯವರೆಗೂ ಬಿಡಲಿಲ್ಲ. ಅದೇ ಕಾಲದ ರಸಾಯನಜ್ಞ ಲಾವೊಸಿಯೆ ಎದುರಿಗೇ ಹೊಸ ದಾರಿ ತೋರಿಸುತ್ತಿದ್ದಾಗಲೂ ಹಳೆಯದಕ್ಕೆ ತೇಪೆ ಹಾಕುತ್ತ ಕುಳಿತ. ಆದರೂ ಸಿದ್ಧಾಂತ ಬಿದ್ದುಹೋದ ಮೇಲೂ ಕಸುಬಿನ ವಿವರಗಳು ಉಳಿದವು.

ದಾವಣಗೆರೆಯಲ್ಲಿ ನಿಂತು ಓದುವಾಗ ಈ ಮಾತು ತಟ್ಟುತ್ತದೆ. ಮಂಡಕ್ಕಿ ಭಟ್ಟಿಯಲ್ಲಿ ಮರಳು ಎಷ್ಟು ಕಾಯಬೇಕು, ಅಕ್ಕಿ ಯಾವ ಹದಕ್ಕೆ ಬರಬೇಕು ಎಂಬುದು ದುಡಿಯುವವರ ಕೈಗೆ ಗೊತ್ತು. ಹರಿಹರದ ಹೊಳೆದಂಡೆಯಲ್ಲಿ ಇಟ್ಟಿಗೆ ಸುಡುವವರದೂ ಅಂಥದೇ ವಿದ್ಯೆ. ತೋಳಹುಣಸೆಯ ವಿಶ್ವವಿದ್ಯಾನಿಲಯದಿಂದ ಭಟ್ಟಿಗೆ ದೂರವೇನಿಲ್ಲ. ರಸಾಯನಶಾಸ್ತ್ರದ ವಿದ್ಯಾರ್ಥಿಗಳು ತಾಪಮಾಪಕ, ನೋಟ್‌ಬುಕ್ ಹಿಡಿದು ಆ ಕೆಲಸಗಾರರ ಪಕ್ಕದಲ್ಲಿ ಕೂರಲಿ; ಬರೆದದ್ದರಲ್ಲಿ ಹೇಳಿಕೊಟ್ಟವರ ಹೆಸರನ್ನೂ ಅಚ್ಚು ಮಾಡಲಿ.