ನರಾಚಿಯ ಕಾರ್ಮಿಕರಿಗೆ ಬಾಯಿ ಕೊಡದ ಸಿನಿಮಾ

‘ಕೆಜಿಎಫ್’ ಬಂದ ಮೇಲೆ ಕನ್ನಡ ಸಿನಿಮಾ ತಲೆಯೆತ್ತಿ ನಿಂತಿತು ಎಂಬ ಮಾತು ಈಗ ಗಾದೆಯಷ್ಟೇ ಗಟ್ಟಿಯಾಗಿದೆ. ಮಾಗಡಿ ರಸ್ತೆಯ ಚಿತ್ರಮಂದಿರಗಳ ಮುಂದೆಯೂ ಅದೇ ಮಾತು, ನಾಗರಬಾವಿಯ ವಿಚಾರಸಂಕಿರಣಗಳಲ್ಲೂ ಅದೇ ಮಾತು. 2022ರಲ್ಲಿ ಬಂದ ಅದರ ಎರಡನೇ ಭಾಗದ ಗಳಿಕೆ ಸಾವಿರ ಕೋಟಿ ದಾಟಿದ ಮೇಲಂತೂ ಅದನ್ನು ಎದುರಾಡುವುದೇ ನಾಡದ್ರೋಹ ಎಂಬಂತಾಗಿದೆ. ನಾನು ಎದುರಾಡುತ್ತೇನೆ. ಬೆಳೆದದ್ದು ಮಾರುಕಟ್ಟೆ. ಕಲ್ಪನೆ ಅಲ್ಲಿ ಸೊರಗಿತು.

ಭುವನ್ ಗೌಡರ ಮಸಿಬಣ್ಣದ ಛಾಯಾಗ್ರಹಣ, ರವಿ ಬಸ್ರೂರರ ಸಂಗೀತ ಎರಡೂ ಶ್ರೇಷ್ಠವೇ. ನನ್ನ ತಕರಾರು ಚಿತ್ರದ ಕಥೆ ಹೇಳುವ ಪತ್ರಕರ್ತನ ಪಾತ್ರ ಆನಂದ್ ಇಂಗಳಗಿಯ ಬಗ್ಗೆ. ಸರ್ಕಾರ ನಿಷೇಧಿಸಿದ ಪುಸ್ತಕವೊಂದರ ಲೇಖಕನಾದ ಆತ, ಮೊದಲ ಭಾಗದಲ್ಲಿ ಅನಂತ್ ನಾಗ್ ದನಿಯಲ್ಲಿ, ಟಿವಿ ವಾಹಿನಿಯೊಂದಕ್ಕೆ ನಾಯಕ ರಾಕಿಯ ಕಥೆ ಹೇಳುತ್ತಾನೆ. ಈ ತಂತ್ರ ಮಾಡುವ ಕೆಲಸವನ್ನು ಗಮನಿಸಿ. ರಾಕಿ ಏನನ್ನಾದರೂ ಮಾಡುವ ಮೊದಲೇ ಅವನೆಂಥವನು ಎಂಬುದನ್ನು ಇಂಗಳಗಿ ಘೋಷಿಸಿರುತ್ತಾನೆ. ದೃಶ್ಯ ಆ ಘೋಷಣೆಗೆ ಸಾಕ್ಷಿ ಹೇಳಿ, ಪರದೆ ಕಪ್ಪಾಗಿ, ಮುಂದಿನ ಘೋಷಣೆಗೆ ಜಾಗ ಬಿಡುತ್ತದೆ. ಪ್ರೇಕ್ಷಕ ತಾನೇ ಕಂಡುಕೊಳ್ಳಬೇಕಾದದ್ದು ಏನೂ ಉಳಿಯುವುದಿಲ್ಲ. ಯಾವ ಊರಿನ ಸೊಗಡೂ ಇಲ್ಲದ ಆ ಮಾತುಗಳು ತೆಲುಗಿಗೋ ಹಿಂದಿಗೋ ಹೋದರೆ ಕಳೆದುಕೊಳ್ಳುವುದೂ ಏನಿಲ್ಲ. ಐದು ಭಾಷೆಗಳಲ್ಲಿ ಒಟ್ಟಿಗೆ ಮಾರಬೇಕೆಂಬ ಲೆಕ್ಕ ಚಿತ್ರಕಥೆಯ ಒಳಗೇ ಕೂತಿದೆ.

ರಕ್ಷಿತ್ ಶೆಟ್ಟಿಯವರ ‘ಉಳಿದವರು ಕಂಡಂತೆ’ಯಲ್ಲೂ (2014) ಕಥೆ ಕಟ್ಟುವವಳು ಒಬ್ಬ ಪತ್ರಕರ್ತೆಯೇ. ಆದರೆ ರೆಜಿನಾ ತೀರ್ಪು ಕೊಡುವುದಿಲ್ಲ, ವಿಚಾರಿಸುತ್ತಾಳೆ. ಮಲ್ಪೆಯಲ್ಲಿ ನಡೆದದ್ದನ್ನು ಒಬ್ಬೊಬ್ಬರೂ ಒಂದೊಂದು ಬಗೆಯಲ್ಲಿ ಕಂಡಿದ್ದಾರೆ. ಅಷ್ಟನ್ನೂ ಕೇಳಿದ ಮೇಲೆ ಸತ್ಯ ಯಾವುದೆಂದು ನಿರ್ಧರಿಸುವ ಹೊಣೆ ನಮ್ಮದು. ಅಲ್ಲಿನ ಮಾತು ಕರಾವಳಿಯದೇ, ಬೇರೆಡೆಗೆ ಸಲೀಸಾಗಿ ಸಾಗದು. ‘ರಿಚಿ’ ಎಂಬ ಹೆಸರಲ್ಲಿ ತಮಿಳಿಗೆ ಹೋದಾಗ ಅದು ಮತ್ತೊಂದು ಕಡಲತೀರವನ್ನು ಹುಡುಕಿಕೊಳ್ಳಬೇಕಾಯಿತು. ಬಿಡುಗಡೆಯಾದಾಗ ಚಿತ್ರಮಂದಿರದಲ್ಲಿ ಹೆಚ್ಚು ದಿನ ನಿಲ್ಲದ ಈ ಚಿತ್ರವೇ ನನ್ನ ಮಟ್ಟಿಗೆ ಆ ದಶಕದ ದೊಡ್ಡ ಸಾಧನೆ.

‘ಕೆಜಿಎಫ್ ಕಾಲ್ಪನಿಕ, ಅದರಲ್ಲಿ ಚರಿತ್ರೆ ಹುಡುಕಬೇಡಿ’ ಎನ್ನುವ ವಿಮರ್ಶಕರಿದ್ದಾರೆ. ಕಲ್ಪನೆಯ ಸ್ವಾತಂತ್ರ್ಯವನ್ನು ಒಪ್ಪೋಣ. ಆದರೆ ಕಲ್ಪಿಸಿದ್ದೇನು? ಕೋಲಾರದ ಚಿನ್ನದ ಗಣಿಗಳು 1956ರಲ್ಲೇ ಸರ್ಕಾರದ ಕೈಗೆ ಬಂದಿದ್ದವು. ಬಹುಪಾಲು ತಮಿಳು ಮಾತಾಡುವ ದಲಿತರೇ ಆಗಿದ್ದ ಅಲ್ಲಿನ ಕಾರ್ಮಿಕರು 1930ರಷ್ಟು ಹಿಂದೆಯೇ, ಬೆರಳಚ್ಚು ನೋಂದಣಿಯನ್ನು ವಿರೋಧಿಸಿ ಬ್ರಿಟಿಷ್ ಕಂಪನಿಯ ಎದುರು ಮುಷ್ಕರ ಹೂಡಿದ್ದರು. ಗಟ್ಟಿ ಕಾರ್ಮಿಕ ಸಂಘಗಳನ್ನು ಕಟ್ಟಿದ ಊರದು. ಚಿತ್ರದ ನರಾಚಿ ಎಂಬ ಗಣಿಯಲ್ಲಿರುವುದೋ ರಾಕಿ ಬರುವವರೆಗೆ ತುಟಿ ಬಿಚ್ಚದ ಗುಲಾಮರು. ಸಂಘಟಿತ ಜನ ತಮ್ಮ ಬಿಡುಗಡೆಯನ್ನು ತಾವೇ ಪಡೆದುಕೊಂಡರೆ ನಾಯಕನ ಕಟೌಟಿಗೆ ಕೆಲಸವಿಲ್ಲ. ಕೋಲಾರದ ಗಣಿತ್ಯಾಜ್ಯದ ಸೈನೈಡ್ ದಿಬ್ಬಗಳ ಮೇಲೆಯೇ ಚಿತ್ರೀಕರಣ ನಡೆಸಿದ ತಂಡಕ್ಕೆ ಆ ದಿಬ್ಬಗಳನ್ನು ಪೇರಿಸಿದವರ ಹೋರಾಟ ಬೇಡವಾದದ್ದು ಕಲ್ಪನಾಶಕ್ತಿ ಅಲ್ಲ, ಕಲ್ಪನೆಯ ಬಡತನ.

ದುಡ್ಡೇ ಕಲೆಯ ಶತ್ರು ಎನ್ನುವ ಇನ್ನೊಂದು ಬಣದ ಜೊತೆಗೂ ನಾನಿಲ್ಲ. ಚಿತ್ರದುರ್ಗದ ಕೋಟೆಯನ್ನೇ ಪಾತ್ರವಾಗಿಸಿದ ಪುಟ್ಟಣ್ಣ ಕಣಗಾಲರ ‘ನಾಗರಹಾವು’ (1972) ಜನ ಮುಗಿಬಿದ್ದು ನೋಡಿದ ಚಿತ್ರ. ಇನ್ನೂ ಹತ್ತಿರದ ಪುರಾವೆ ಬೇಕೆಂದರೆ ‘ಕೆಜಿಎಫ್’ ನಿರ್ಮಿಸಿದ ಹೊಂಬಾಳೆ ಸಂಸ್ಥೆಯದೇ ‘ಕಾಂತಾರ’ ಇದೆ. 2022ರ ಸೆಪ್ಟೆಂಬರ್ 30ರಂದು ಅದು ಕನ್ನಡದಲ್ಲಿ ಮಾತ್ರ ತೆರೆಕಂಡಿತು. ಇಲ್ಲಿ ಗೆದ್ದ ಮೇಲೆ ಉಳಿದ ಭಾಷೆಗಳಿಗೆ ಹೋಯಿತು. ಅದರ ನಾಯಕನ ಆರ್ಭಟದ ಬಗ್ಗೆ ನನಗೆ ಆಕ್ಷೇಪಗಳಿವೆ. ಆದರೂ ಆ ಭಾಷೆ, ಆ ಕೋಲ, ಆ ಕಾಡಿನ ಜಗಳ ಕರಾವಳಿಗೇ ಸೇರಿದವು. ಬಂಡವಾಳ ಹೂಡಿದ್ದು ಒಂದೇ ಸಂಸ್ಥೆ, ‘ಕೆಜಿಎಫ್’ನ ಎರಡನೇ ಭಾಗವೂ ‘ಕಾಂತಾರ’ವೂ ಬಿಡುಗಡೆಯಾದದ್ದು ಒಂದೇ ವರ್ಷ, ಲಾಭ ಎರಡಕ್ಕೂ ಬಂತು. ಒಂದು ಚಿತ್ರ ಊರನ್ನು ನಂಬಿ ಮಾರುಕಟ್ಟೆಗೆ ಹೋಯಿತು, ಇನ್ನೊಂದು ಮಾರುಕಟ್ಟೆಗೆಂದೇ ಊರನ್ನು ಅಳಿಸಿತು. ಗಾಂಧಿನಗರ ಎರಡನೆಯದನ್ನೇ ಮಾದರಿಯೆಂದು ಹಿಡಿದರೆ ನಷ್ಟವಾಗುವುದು ಕನ್ನಡದ ಕಥೆಗಾರನಿಗೆ.