ಅಮೀಲಿಯಾ ನೈಟ್‌ಳ ದಾರಿಯ ದಿನಚರಿ

ಮನೆತನದ ಚರಿತ್ರೆಗೆ ದಿನಚರಿಗಿಂತ ನಂಬುಗೆಯ ಆಧಾರವಿಲ್ಲವೆನ್ನುವವರಿದ್ದಾರೆ. ಅಮೀಲಿಯಾ ಸ್ಟೂವರ್ಟ್ ನೈಟ್‌ಳ ದಿನಚರಿಯನ್ನು ಓದಿದವರು ಈ ಮಾತನ್ನು ಸುಲಭವಾಗಿ ಒಪ್ಪಲಾರರು. 1853ರ ಏಪ್ರಿಲ್ 9ರಂದು ಆಕೆ ಗಂಡ ಮತ್ತು ಏಳು ಮಕ್ಕಳೊಡನೆ ಅಮೆರಿಕದ ಅಯೋವಾದಿಂದ ಎತ್ತಿನ ಬಂಡಿಗಳಲ್ಲಿ ಹೊರಟು, ಸೆಪ್ಟೆಂಬರಿನಲ್ಲಿ ಪಡುವಣದ ಓರೆಗಾನ್ ಸೀಮೆಯನ್ನು ತಲುಪಿದಳು. ಲಿಲಿಯನ್ ಶ್ಲಿಸೆಲ್ ಅವರು 1982ರಲ್ಲಿ ಪ್ರಕಟಿಸಿದ ವಲಸೆಗಾರ್ತಿಯರ ದಿನಚರಿಗಳ ಪುಸ್ತಕದಲ್ಲಿ ಇದು ಸೇರಿದೆ.

ಮಳೆ, ಕೆಸರು, ಹೊಳೆ ದಾಟಲು ತೆತ್ತ ಹಣ, ಸತ್ತ ಎತ್ತು, ಪುಟಪುಟದಲ್ಲೂ ಇವೇ. ಆಗಸ್ಟಿನಲ್ಲೊಮ್ಮೆ ಪುಟ್ಟ ಲೂಸಿಯನ್ನು ಬಿಟ್ಟೇ ಬಂಡಿಗಳು ಹೊರಟುಬಿಡುತ್ತವೆ. ಕೆಲವು ಮೈಲು ಸಾಗುವವರೆಗೂ ಯಾರಿಗೂ ಅರಿವಿಲ್ಲ; ಹಿಂದೆ ಬರುತ್ತಿದ್ದ ತಂಡದವರು ಮಗುವನ್ನು ತಂದೊಪ್ಪಿಸುತ್ತಾರೆ. ಬರಹ ಇಲ್ಲಿಯೂ ದನಿ ಏರಿಸುವುದಿಲ್ಲ. ಮಲೆಯಾಳ ಬಲ್ಲ ನಮ್ಮ ಓದುಗರಿಗೆ ಪೊಟ್ಟೆಕ್ಕಾಟರ ‘ವಿಷಕನ್ಯಕ’ (1948) ನೆನಪಾದೀತು. ಅದೂ ವಲಸೆಯ ಕತೆಯೇ. ಆದರೆ ಕಾದಂಬರಿಕಾರನಿಗೆ ಕೊನೆ ಗೊತ್ತಿರುತ್ತದೆ. ಈಕೆಗೆ ನಾಳೆಯೂ ಗೊತ್ತಿಲ್ಲ.

ಕೊನೆಯ ಪುಟದಲ್ಲಿ ಓದುಗ ಬೆಚ್ಚುತ್ತಾನೆ: ಎಂಟನೆಯ ಮಗು ಹುಟ್ಟಿತಂತೆ! ಅಂದರೆ ಆಕೆ ಹೊರಡುವಾಗಲೇ ಬಸುರಿ. ಐದು ತಿಂಗಳ ಬರಹದಲ್ಲಿ ಅದರ ಸುಳಿವನ್ನೇ ಕೊಟ್ಟಿಲ್ಲ. ಬಸಿರಿನ ಮಾತನ್ನು ಬರೆಯದಿರುವುದು ಆ ಕಾಲದ ಹೆಂಗಸರ ಮರ್ಯಾದೆಯಾಗಿತ್ತು. ಮೈ ಸರಿಯಿಲ್ಲವೆಂದು ಆಕೆ ಬರೆದ ಕಡೆಗಳನ್ನೆಲ್ಲ ಮತ್ತೆ ತಿರುವಿ ನೋಡಬೇಕಾಗುತ್ತದೆ.

ಆ ಕೊನೆಯ ಮಾತಿಗೆ ತಾರೀಕೂ ಇಲ್ಲ. ಕೆಲವು ದಿನಗಳ ಬಳಿಕ ಎಂದಿರುವುದರಿಂದ ಅದನ್ನು ಆಮೇಲೆ ಬರೆದು ಸೇರಿಸಿದ್ದೆಂಬುದು ಸ್ಪಷ್ಟ. ಮಗು ಗಂಡೋ ಹೆಣ್ಣೋ, ಹೆಸರೇನು, ಒಂದೂ ಇಲ್ಲ. ಎರಡು ಜೋಡಿ ಎತ್ತು ಕೊಟ್ಟು ಅರ್ಧ ಸೆಕ್ಷನ್, ಎಂದರೆ 320 ಎಕರೆ, ಪಡೆದದ್ದು, ಅದರಲ್ಲಿ ಅರ್ಧ ಎಕರೆ ಬಟಾಟೆ, ಕಿಟಕಿಯಿಲ್ಲದ ಮರದ ಗುಡಿಸಲು, ಇವೆಲ್ಲ ಇವೆ. ಅಟ್ಟದ ಮೇಲಿನ ಲೆಕ್ಕದ ಪುಸ್ತಕದಲ್ಲಿ ಅಕ್ಕಿಮುಡಿಯ ಎಣಿಕೆಯಿದ್ದು ಬಾಣಂತಿಯ ಸುದ್ದಿಯಿಲ್ಲದ್ದನ್ನು ಕಂಡವರಿಗೆ ಇದು ಹೊಸತಲ್ಲ. ಆಕೆಯನ್ನು ದೂರುವಂತಿಲ್ಲ, ತನ್ನ ಮಗುವಿನ ಹೆಸರನ್ನು ತನಗೇ ಯಾಕೆ ಬರೆದುಕೊಳ್ಳಬೇಕು?

ವಂಶಾವಳಿ ಹುಡುಕುವವರು ಜನಗಣತಿಗೂ, 1850ರ ಕಾಯಿದೆಯಂತೆ ಓರೆಗಾನಿನಲ್ಲಿ ಸರ್ಕಾರಿ ಜಮೀನು ಕೇಳಿದವರ ಕಡತಗಳಿಗೂ ಹೋಗಲೇಬೇಕು. ಹುಟ್ಟಿದ ಊರು, ಮದುವೆಯ ದಿನ ಸಿಗುವುದು ಅಂಥಲ್ಲಿ. ಲೂಸಿ ಹೊಳೆದಂಡೆಯಲ್ಲಿ ಕೂತು, ಬಂಡಿಗಳು ದಾಟುವುದನ್ನು ನೋಡುತ್ತ ಮೈಮರೆತದ್ದು ಮಾತ್ರ ಯಾವ ಕಡತದಲ್ಲೂ ಸಿಗಲಾರದು.