ಅಮ್ಮನ ಮಂಡಿ, ನನ್ನ ಫೋನು

ಆಪರೇಷನ್ನಿನ ಹಿಂದಿನ ರಾತ್ರಿ ಆಸ್ಪತ್ರೆಯ ಆ್ಯಪ್‌ನಿಂದ ಸೂಚನೆ ಬಂತು. ಶಸ್ತ್ರಚಿಕಿತ್ಸೆಗೆ ಎರಡು ಗಂಟೆ ಇರುವವರೆಗೆ ‘ಸ್ಪಷ್ಟ ದ್ರವ’ಗಳನ್ನು ಸೇವಿಸಬಹುದು ಎಂದಿತ್ತು. ಅಮ್ಮ ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದಳು. ‘ಸ್ಪಷ್ಟ ದ್ರವ ಅಂದ್ರೆ ಏನೇ? ಕಾಫಿ ಕುಡೀಬಹುದು ಅಂತ ತಾನೇ?’

ನಮ್ಮ ಹಿರಿಯರ ಪ್ರಕಾರ ಕಾಫಿ ಆಹಾರವೇ ಅಲ್ಲ. ‘ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಒಂದು ಲೋಟ ಕಾಫಿ ಅಷ್ಟೇ’ ಎನ್ನುವುದೇ ಖಾಲಿ ಹೊಟ್ಟೆ. ಅರಿವಳಿಕೆ ವೈದ್ಯರ ಲೆಕ್ಕ ಬೇರೆ. ನೀರು, ಹಾಲು ಹಾಕದ ಕಾಫಿ, ತಿರುಳಿಲ್ಲದ ಹಣ್ಣಿನ ರಸ ಇವಕ್ಕೆ ಎರಡು ಗಂಟೆಯ ಅಂತರ ಸಾಕು. ಹಾಲು ಬೆರೆತರೆ ಅದು ತಿಂಡಿಯ ಸಾಲಿಗೆ ಸೇರುತ್ತದೆ, ಆರು ಗಂಟೆ ಬೇಕು. ಮೈಮರೆತಿರುವಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಸಂಚಕಾರ. ‘ಹಾಲು ಹಾಕಿದ ಕಾಫಿ ಬೇಡ’ ಎಂದು ಒಂದು ಸಾಲು ಬರೆದಿದ್ದರೆ ಮುಗಿಯುತ್ತಿತ್ತು. ಅನುವಾದಿಸಿದವರಿಗೆ ಎರಡು ಭಾಷೆ ಗೊತ್ತಿತ್ತು, ನಮ್ಮ ಅಡುಗೆಮನೆ ಗೊತ್ತಿರಲಿಲ್ಲ.

ಮಂಡಿ ಬದಲಾವಣೆಯಂಥ ಆಪರೇಷನ್ನಿಗೆ ತಾರೀಖು ಕೊಟ್ಟ ಕೂಡಲೇ ಒಂದು ಆ್ಯಪ್ ಹಾಕಿಕೊಳ್ಳಿ ಎನ್ನುವುದು ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಈಗ ರೂಢಿಯಾಗುತ್ತಿದೆ. ರಕ್ತ ತೆಳುವಾಗಿಸುವ ಮಾತ್ರೆಯನ್ನು ಯಾವಾಗ ನಿಲ್ಲಿಸಬೇಕು, ಏನೇನು ರಿಪೋರ್ಟು ತರಬೇಕು ಎಂಬಲ್ಲಿಂದ ಹಿಡಿದು ಮನೆಗೆ ಹೋದ ಮೇಲಿನ ವ್ಯಾಯಾಮ, ಹೊಲಿಗೆ, ನೋವಿನವರೆಗೆ ಎಲ್ಲವೂ ಅದರಲ್ಲೇ. ನಾಲ್ಕು ತಿಂಗಳು ಇಂಥದ್ದೊಂದನ್ನು ಅಮ್ಮನ ಪರವಾಗಿ ನಾನು ಬಳಸಿದೆ. ‘ಅಮ್ಮನ ಪರವಾಗಿ’ ಎಂಬ ಮಾತು ಮುಖ್ಯ. ಆ್ಯಪ್‌ಗೆ ಗೊತ್ತಿದ್ದದ್ದು ಒಬ್ಬ ರೋಗಿ, ಒಂದು ಫೋನು. ತಿಪಟೂರಿನ ನಮ್ಮ ಮನೆಯಲ್ಲಿ ಮಂಡಿ ಅಮ್ಮನದು, ಫೋನು ನನ್ನದು, ಗುಳಿಗೆ ಕೊಡುತ್ತಿದ್ದವನು ತಮ್ಮ, ಊಟ ನಿರ್ಧರಿಸುತ್ತಿದ್ದವಳು ದೊಡ್ಡಮ್ಮ.

ಮೊದಲು ಮೆಚ್ಚಬೇಕಾದದ್ದನ್ನು ಮೆಚ್ಚಿಬಿಡುತ್ತೇನೆ. ವ್ಯಾಯಾಮದ ವಿಡಿಯೊಗಳು ನಿಜಕ್ಕೂ ಚೆನ್ನಾಗಿದ್ದವು. ಧಾರವಾಡದ ಕಡೆಯ ಮಾತಿನ ಫಿಸಿಯೊಥೆರಪಿಸ್ಟ್ ಹುಡುಗಿಯೊಬ್ಬಳು ‘ಪಾದ ಮ್ಯಾಲೆ, ಪಾದ ಕೆಳಗ’ ಎಂದು ತೋರಿಸುತ್ತಿದ್ದಳು. ಪಾದ ಆಡಿಸಿದರೆ ಮೀನಖಂಡ ಹಿಂಡಿಕೊಂಡು ರಕ್ತವನ್ನು ಮೇಲಕ್ಕೆ ದಬ್ಬುತ್ತದೆ, ಹೆಪ್ಪುಗಟ್ಟುವ ಅಪಾಯ ತಗ್ಗುತ್ತದೆ ಎಂದು ಅವಳು ವಿವರಿಸಿದ್ದು ಅಮ್ಮನಿಗೆ ಬಾಯಿಪಾಠವಾಯಿತು. ಡಿಸ್ಚಾರ್ಜ್ ದಿನದ ಗಡಿಬಿಡಿಯಲ್ಲಿ, ಬಿಲ್ಲು ಕಟ್ಟುವ ಸಾಲಿನಲ್ಲಿ ನಿಂತವರಿಗೆ ಒಂದೇ ಸಲ ಹೇಳಿದ್ದು ಯಾರಿಗೆ ನೆನಪಿರುತ್ತದೆ? ಬೇಕಾದಾಗ ಹತ್ತು ಸಲ ನೋಡಬಹುದು ಎಂಬುದೇ ಈ ಸಾಧನಗಳ ದೊಡ್ಡ ಗುಣ. ಅಷ್ಟಕ್ಕೇ ಅವಕ್ಕೆ ಅರ್ಧ ಅಂಕ ಕೊಡಬಹುದು.

ಉಳಿದರ್ಧದ ತಕರಾರು ನೋವಿನ ಅಂಕೆಯಿಂದ ಶುರುವಾಗುತ್ತದೆ. ದಿನಾ ಬೆಳಿಗ್ಗೆ ಎಂಟಕ್ಕೆ, ‘ನಿಮ್ಮ ನೋವು ಸೊನ್ನೆಯಿಂದ ಹತ್ತರೊಳಗೆ ಎಷ್ಟು?’ ಅಮ್ಮನ ನೋವು ಅಂಕೆಯಲ್ಲಿರಲಿಲ್ಲ. ಹಗಲು ಮೇಲ್ಗಡೆ ಉರಿ, ರಾತ್ರಿ ಒಳಗಿನಿಂದ ಸೆಳೆತ, ಕೂತು ಎದ್ದರೆ ಸಿಡಿತ, ಹೊಲಿಗೆಯ ಪಕ್ಕ ಒಂದಂಗುಲ ಜೋಮು. ಈ ನಾಲ್ಕು ಮಾತು ವೈದ್ಯರ ಕಿವಿಗೆ ಬಿದ್ದರೆ ನಾಲ್ಕು ಬೇರೆ ಸುದ್ದಿ. ಆ್ಯಪ್‌ನಲ್ಲಿ ನಾಲ್ಕೂ ಸೇರಿ ಒಂದು ‘ಆರು’. ಅದೂ ಪ್ರಾಮಾಣಿಕ ಆರಲ್ಲ. ಏಳು ಒತ್ತಿದರೆ ಪರದೆ ಕೆಂಪಾಗಿ, ‘ಕೂಡಲೇ ಸಂಪರ್ಕಿಸಿ’ ಎಂದು ಬರುತ್ತಿತ್ತು. ಮತ್ತೆ ಬೆಂಗಳೂರಿಗೆ ಕರೆದೊಯ್ದಾರು ಎಂಬ ಹೆದರಿಕೆಗೆ ಅಮ್ಮ, ‘ಆರೇ ಒತ್ತಿಬಿಡೇ’ ಎನ್ನುತ್ತಿದ್ದಳು. ನಾನೂ ಒತ್ತುತ್ತಿದ್ದೆ. ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಅಮ್ಮನ ನೋವಿನ ಗೆರೆ ಮಟ್ಟಸವಾಗಿ ಸಾಗಿರುತ್ತದೆ, ಯಾರಾದರೂ ಅದರ ಮೇಲೆ ಪ್ರಬಂಧ ಬರೆದರೆ ಆ ಪಾಪದಲ್ಲಿ ನನ್ನದೂ ಪಾಲಿದೆ.

ಊಟದ ವಿಷಯದಲ್ಲಂತೂ ಆ್ಯಪ್ ಒಂದು ಊರಲ್ಲಿ, ಮನೆ ಇನ್ನೊಂದೂರಲ್ಲಿ. ಗಾಯ ಮಾಯಲು ಪ್ರೋಟೀನ್ ಬೇಕು, ಬೇಳೆಕಾಳು ಮೊಟ್ಟೆ ತಿನ್ನಿ ಎಂದು ಅದು ಬರೆಯುತ್ತಿತ್ತು. ದೊಡ್ಡಮ್ಮನ ಪಟ್ಟಿಯಲ್ಲಿ ಬದನೆಕಾಯಿ ನಂಜು, ಅಲಸಂದೆ ನಂಜು, ಮೊಟ್ಟೆಯಂತೂ ಕಡು ನಂಜು, ತಿಂದರೆ ಹೊಲಿಗೆ ಕೀವಾಗುತ್ತದೆ. ಕೊನೆಗೆ ಉಳಿದದ್ದು ಮೆಣಸಿನ ಸಾರು, ಅನ್ನ. ನಮ್ಮಲ್ಲಿ ಗಾಯವಾದವರ ಊಟವನ್ನು ಆಳುವ ಪದ ‘ನಂಜು’. ನಾನು ನೋಡಿದ ಆ್ಯಪ್‌ನ ಅಷ್ಟೂ ಪುಟಗಳಲ್ಲಿ ಆ ಪದ ಒಂದು ಕಡೆಯೂ ಇರಲಿಲ್ಲ. ‘ನಂಜು ಅಂತ ಬೇಳೆ ಬಿಡಬೇಡಿ’ ಎಂದು ಆ ಧಾರವಾಡದ ಹುಡುಗಿಯ ಬಾಯಿಂದ ಹೇಳಿಸಿದ್ದರೆ ದೊಡ್ಡಮ್ಮ ಒಪ್ಪುತ್ತಿದ್ದಳೋ ಇಲ್ಲವೋ, ಜಗಳವಾದರೂ ಸರಿಯಾದ ಜಾಗದಲ್ಲಿ ಆಗುತ್ತಿತ್ತು.

ಒಂಬತ್ತನೆಯ ರಾತ್ರಿ ಅಮ್ಮನ ಕಾಲು ಊದಿತು. ‘ಕಾಲಿನಲ್ಲಿ ಊತ ಇದೆಯೇ?’ ಎಂಬ ಪ್ರಶ್ನೆಗೆ ‘ಹೌದು’ ಒತ್ತಿದೆ. ‘ನಿಮ್ಮ ಪ್ರತಿಕ್ರಿಯೆ ದಾಖಲಾಗಿದೆ, ಧನ್ಯವಾದಗಳು’ ಎಂದು ಬಂತು. ಮುಂದೆ ಮೌನ. ಮಂಡಿ ಆಪರೇಷನ್ನಾದ ಕಾಲು ಊದುವುದು ಮಾಮೂಲು, ಆಳದ ರಕ್ತನಾಳದಲ್ಲಿ ಹೆಪ್ಪುಗಟ್ಟಿದರೂ ಊದುತ್ತದೆ, ಎರಡನೆಯದು ಜೀವ ತೆಗೆಯಬಹುದು. ಹೌದು-ಅಲ್ಲ ಎಂಬ ಎರಡು ಗುಂಡಿಗೆ ಈ ಅಂತರ ಹೇಗೆ ಗೊತ್ತಾಗಬೇಕು? ಪಕ್ಕದ ಬೀದಿಯ ನಿವೃತ್ತ ನರ್ಸಮ್ಮನನ್ನು ತಮ್ಮ ಕರೆತಂದ. ಅವರು ಟೈಲರ್ ಟೇಪಿನಲ್ಲಿ ಎರಡೂ ಮೀನಖಂಡಗಳನ್ನು ಮಂಡಿಯ ಕೆಳಗೆ ಒಂದೇ ಎತ್ತರದಲ್ಲಿ ಅಳೆದರು, ಒತ್ತಿ ನೋಡಿದರು, ಉಸಿರು ಕಟ್ಟುತ್ತದೆಯೇ ಎಂದು ಕೇಳಿದರು. ಒಂದು ಸೆಂಟಿಮೀಟರಿನಷ್ಟು ವ್ಯತ್ಯಾಸ. ಮೂರನ್ನು ದಾಟಿದರೆ ಹೆಚ್ಚು ಅನುಮಾನಿಸುತ್ತಾರೆ, ಇಷ್ಟಿದ್ದರೂ ಬೆಳಿಗ್ಗೆ ಡಾಪ್ಲರ್ ಸ್ಕ್ಯಾನ್ ಮಾಡಿಸಿಬಿಡಿ ಎಂದರು. ಮಾಡಿಸಿದೆವು, ಹೆಪ್ಪು ಇರಲಿಲ್ಲ. ಆಸ್ಪತ್ರೆಯಿಂದ ಫೋನು ಬಂದದ್ದು ಅದಾದ ಮೇಲೆ, ಹನ್ನೊಂದು ಗಂಟೆಗೆ. ‘ಮೇಡಂ, ನಿನ್ನೆ ಊತ ಅಂತ ಹಾಕಿದ್ರಲ್ಲ?’

ಇಂಥ ಆ್ಯಪ್‌ಗಳನ್ನು ಅಳೆಯುವಾಗ ನಾವು ಪರದೆಯನ್ನೇ ನೋಡುತ್ತೇವೆ. ನೋಡಬೇಕಾದದ್ದು ಆ ತುದಿಯಲ್ಲಿ ಯಾರು ಕೂತಿದ್ದಾರೆ ಎಂಬುದನ್ನು. ಟೊರಾಂಟೊದ ವಿಮೆನ್ಸ್ ಕಾಲೇಜ್ ಆಸ್ಪತ್ರೆಯಲ್ಲಿ ಸ್ತನ ಮರುರಚನೆಯ ಶಸ್ತ್ರಚಿಕಿತ್ಸೆಯಾದ 65 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆ್ಯಪ್ ಕೊಟ್ಟು ನೋಡಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಮೊದಲ 30 ದಿನಗಳಲ್ಲಿ ಆ್ಯಪ್ ಇದ್ದವರು ಆಸ್ಪತ್ರೆಗೆ ಬಂದದ್ದು ಕಡಿಮೆ, ತೊಡಕುಗಳೇನೂ ಹೆಚ್ಚಲಿಲ್ಲ. ಆದರೆ ಅವರಿಂದ ಇಮೇಲ್‌ಗಳು ಜಾಸ್ತಿ ಬಂದವು. ಈ ಕೊನೆಯ ಸಂಗತಿಯೇ ನನಗೆ ಮುಖ್ಯ ಅನ್ನಿಸಿದ್ದು. ಕೆಲಸ ಕರಗಲಿಲ್ಲ, ಒಪಿಡಿಯಿಂದ ಇನ್‌ಬಾಕ್ಸಿಗೆ ಜಾಗ ಬದಲಿಸಿತು, ಅದನ್ನು ಓದಲು ಅಲ್ಲಿ ಜನ ಇದ್ದರು.

ಎಡಿನ್‌ಬರೊದಲ್ಲಿ ತುರ್ತು ಹೊಟ್ಟೆ ಆಪರೇಷನ್ ಆದ 492 ಮಂದಿಯನ್ನು ಹೀಗೆಯೇ ಎರಡು ಗುಂಪು ಮಾಡಿ, ಒಂದು ಗುಂಪಿನಿಂದ ಗಾಯದ ಫೋಟೋ, ಪ್ರಶ್ನೆಗಳಿಗೆ ಉತ್ತರ ತರಿಸಿಕೊಂಡರು. 2021ರಲ್ಲಿ ಬಂದ ಅದರ ಫಲಿತಾಂಶವನ್ನು ಆ್ಯಪ್ ಮಾರುವವರು ಅರ್ಧವೇ ಹೇಳುವ ಸಂಭವ ಹೆಚ್ಚು. ಗಾಯದ ಸೋಂಕು ಪತ್ತೆಯಾಗಲು ಹಿಡಿದ ಒಟ್ಟಾರೆ ಸಮಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಮೊದಲ ಏಳು ದಿನಗಳೊಳಗೆ ಸೋಂಕು ಪತ್ತೆಯಾಗುವ ಸಾಧ್ಯತೆ ಮಾತ್ರ ಫೋನಿನ ಗುಂಪಿನಲ್ಲಿ ಸ್ಪಷ್ಟವಾಗಿ ಹೆಚ್ಚಿತ್ತು. ರೋಗಿ ಮನೆಗೆ ಬಂದು, ಇದು ಮಾಮೂಲಿ ಕೆಂಪೋ ಅಲ್ಲವೋ ಎಂದು ತೊಳಲಾಡುವ ದಿನಗಳು ಬಹುತೇಕ ಅವೇ. ಹಾಗಾಗಿ ಆ ಅರ್ಧ ಲಾಭವನ್ನು ನಾನು ಸಣ್ಣದೆನ್ನುವುದಿಲ್ಲ.

ನಮ್ಮ ನೆಲದ್ದೇ ಒಂದು ಮಾದರಿ ಇದಕ್ಕಿಂತ ಮುಂಚೆ ಸರಿಯಾದ ಕಡೆ ಕೈಯಿಟ್ಟಿತ್ತು. ಸ್ಟ್ಯಾನ್‌ಫರ್ಡ್‌ನ ನಾಲ್ವರು ವಿದ್ಯಾರ್ಥಿಗಳು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಬಂದಾಗ ಅವರ ಕಣ್ಣಿಗೆ ಬಿದ್ದದ್ದು ವಾರ್ಡಿನ ಹೊರಗೆ ದಿನಗಟ್ಟಲೆ ಸುಮ್ಮನೆ ಕಾಯುತ್ತಿದ್ದ ಮನೆಯವರು. ಹೃದಯದ ಆಪರೇಷನ್ ಆದವರನ್ನು ಮನೆಯಲ್ಲಿ ನೋಡಿಕೊಳ್ಳುವವರು ಅವರೇ ಅಲ್ಲವೇ, ಅವರಿಗೇ ಕಲಿಸೋಣ ಎಂದು ಹೊರಟ ಆ ಕೆಲಸ ನೂರಾ ಹೆಲ್ತ್ ಎಂಬ ಸಂಸ್ಥೆಯಾಯಿತು. ನರ್ಸ್‌ಗಳು ವಾರ್ಡಿನಲ್ಲೇ ಕೂರಿಸಿಕೊಂಡು ಪಾಠ ಹೇಳುತ್ತಾರೆ. ಮನೆಗೆ ಹೋದ ಮೇಲೆ ವಾಟ್ಸ್‌ಆ್ಯಪ್‌ನಲ್ಲಿ ಸಂದೇಶಗಳು ಬರುತ್ತವೆ, ಪ್ರಶ್ನೆ ಕೇಳಿದರೆ ಉತ್ತರಿಸುವವರಿದ್ದಾರೆ. ಹೊಸ ಆ್ಯಪ್ ಇಲ್ಲ, ಪಾಸ್‌ವರ್ಡ್ ಇಲ್ಲ. ಮೊದಲು ಮುಖ ನೋಡಿ ಕಲಿತದ್ದು, ಆಮೇಲೆ ಫೋನು. ಈ ಕ್ರಮ ನನಗೆ ಹಿಡಿಸಿತು. ‘ಸ್ಪಷ್ಟ ದ್ರವ’ ಎಂದು ಬರೆದವರು ವಾರ್ಡಿನಲ್ಲಿ ನಿಂತು ಅದನ್ನೇ ಬಾಯಿಬಿಟ್ಟು ಹೇಳಬೇಕಾಗಿ ಬಂದಿದ್ದರೆ ನಾಲ್ಕನೆಯ ಮುಖ ಕಿವುಚಿಕೊಳ್ಳುವಷ್ಟರಲ್ಲಿ ಪದ ಬದಲಿಸಿರುತ್ತಿದ್ದರು.

ವೈದ್ಯರ ಕಷ್ಟವೂ ಸುಳ್ಳಲ್ಲ. 2020ರ ಮಾರ್ಚ್ 25ರಂದು ಬಂದ ಟೆಲಿಮೆಡಿಸಿನ್ ಮಾರ್ಗಸೂಚಿ ವಾಟ್ಸ್‌ಆ್ಯಪ್‌ನಂಥ ಚಾಟ್‌ಗಳನ್ನೂ ಸಮಾಲೋಚನೆಯ ಮಾಧ್ಯಮವೆಂದು ಒಪ್ಪಿತು. ಆದರೆ ರಾತ್ರಿ ಹತ್ತರ ಮೇಲೆ ಬರುವ ಫೋಟೋ ನೋಡುವುದು ಯಾರ ಡ್ಯೂಟಿ, ಆ ಹೊತ್ತಿಗೆ ಸಂಬಳ ಯಾರು ಕೊಡುತ್ತಾರೆ ಎಂಬುದನ್ನು ಆಸ್ಪತ್ರೆಯೇ ತೀರ್ಮಾನಿಸಬೇಕು. ನಮ್ಮ ಸರ್ಜನ್ನರು ಒಳ್ಳೆಯವರು. ಊತದ ಪ್ರಸಂಗ ಕೇಳಿ ಬೇಸರಪಟ್ಟು ತಮ್ಮ ಸ್ವಂತ ನಂಬರ್ ಕೊಟ್ಟು, ‘ಆ್ಯಪ್ ಬಿಡಿ, ನನಗೇ ಕಳಿಸಿ’ ಎಂದರು. ಲಕ್ಷಗಟ್ಟಲೆ ಖರ್ಚು ಮಾಡಿ ಕಟ್ಟಿರಬಹುದಾದ ಸಾಧನದ ಬಗ್ಗೆ ಅದನ್ನು ಬಳಸಬೇಕಾದವರೇ ಹೇಳಿದ ವಿಮರ್ಶೆ ಅದು, ನನ್ನದಕ್ಕಿಂತ ಚಿಕ್ಕದು, ಚೊಕ್ಕದು.

ಹೊಲಿಗೆ ಬಿಚ್ಚುವವರೆಗೆ ಅವರಿಗೆ ಹನ್ನೊಂದು ಫೋಟೋ ಕಳಿಸಿದೆ. ಪ್ರತಿಯೊಂದಕ್ಕೂ ಹೆಬ್ಬೆರಳು ಎತ್ತಿದ ಚಿತ್ರ ಬಂತು, ಒಂದಕ್ಕೆ ಮಾತ್ರ ‘ಒಣಗಿಸಿ, ಒದ್ದೆ ಮಾಡಬೇಡಿ’ ಎಂದು ಬಂತು. ಖಾಸಗಿ ಮಾಹಿತಿ ಕಾಪಾಡಲು 2023ರಲ್ಲಿ ಕಾನೂನೇ ಬಂದಿದೆ. ಅಮ್ಮನ ಮಂಡಿ ಈಗಲೂ ನನ್ನ ಫೋನಿನಲ್ಲಿ ತಮ್ಮನ ಮದುವೆಯ ಫೋಟೋಗಳ ನಡುವೆ ಇದೆ. ಅವರ ಫೋನಿನಲ್ಲೂ ಅವರ ಮನೆಯವರ ಯಾವುದೋ ಫೋಟೋದ ಪಕ್ಕ ಇರಬೇಕು. ಅಳಿಸಿಬಿಡಿ ಡಾಕ್ಟ್ರೇ ಎಂದು ಕೇಳಲು ನನಗಿನ್ನೂ ಸಂಕೋಚ.